ಆಸ್ಪತ್ರೆಯವರಿಗೆ, ಥೆರಪಿಸ್ಟರಿಗೆ ತಮಗೇ ಥೆರಪಿ ಬೇಕಾದಾಗ: ಬೆಂಗಳೂರಿನಲ್ಲಿ ಎಲ್ಲಿಂದ ಶುರು ಮಾಡಬೇಕು, ಹೇಗೆ ಮುಂದುವರಿಸಬೇಕು

ಬೆಳಿಗ್ಗೆ ಎಂಟಕ್ಕೆ ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಟ್ಟು ಮನೆಗೆ ಬಂದು, ಮಲಗಿ ಎದ್ದರೂ ದಣಿವು ಹಾಗೇ ಇರುತ್ತದೆ. ರಜೆ ಹಾಕಿ ಊರಿಗೆ ಹೋಗಿ ಬಂದರೆ ಎರಡು ದಿನ ಪರವಾಗಿಲ್ಲ ಅನ್ನಿಸುತ್ತದೆ, ಮತ್ತೆ ಅದೇ. ಈ ಸ್ಥಿತಿಯಲ್ಲಿರುವ ನರ್ಸ್‌ಗಳು, ಡಾಕ್ಟರುಗಳು, ಪಿಜಿ ವಿದ್ಯಾರ್ಥಿಗಳು, ಲ್ಯಾಬ್ ಮತ್ತು ಆಂಬ್ಯುಲೆನ್ಸ್ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು, ದಿನವಿಡೀ ಬೇರೆಯವರ ಸಂಕಟ ಕೇಳಿಸಿಕೊಳ್ಳುವ ಕೌನ್ಸೆಲರ್‌ಗಳು ಮತ್ತು ಥೆರಪಿಸ್ಟರು ಏನು ಮಾಡಬಹುದು ಅನ್ನುವುದು ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಿಮ್ಮ ಪೇಷಂಟಿಗೆ ಸಿಗುವಂಥ ಕ್ರಮವಾದ ಚಿಕಿತ್ಸೆಯೇ ನಿಮಗೂ ಸಿಗಬೇಕು. ಕ್ಯಾಂಟೀನಿನಲ್ಲಿ ಸ್ನೇಹಿತೆಯ ಹತ್ತಿರ ಐದು ನಿಮಿಷ ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ, ಆದರೆ ಅದು ಚಿಕಿತ್ಸೆಯಾಗುವುದಿಲ್ಲ. ಪಕ್ಕದ ಡಿಪಾರ್ಟ್‌ಮೆಂಟಿನ ಮನೋವೈದ್ಯರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಮಾತ್ರೆಯ ಹೆಸರು ಕೇಳುವುದಂತೂ ಅಲ್ಲವೇ ಅಲ್ಲ.

ಬರ್ನ್‌ಔಟೋ, ಖಿನ್ನತೆಯೋ, ಬಿ12 ಕೊರತೆಯೋ

ಬರ್ನ್‌ಔಟ್‌ಗೆ ಮೂರು ಮುಖ. ಒಂದು, ಒಳಗೆಲ್ಲ ಬರಿದಾದಂಥ ಸುಸ್ತು. ಎರಡು, ಪೇಷಂಟುಗಳ ಮೇಲೆ ಮನಸ್ಸು ಕಲ್ಲಾಗುವುದು. ಹೆಸರು ಮರೆತು ‘ಹನ್ನೆರಡನೇ ಬೆಡ್’ ಅಷ್ಟೇ ನೆನಪಿರುತ್ತದೆ, ಪೇಷಂಟಿನ ಕಡೆಯವರು ಏನು ಕೇಳಿದರೂ ಸಿಟ್ಟು ಬರುತ್ತದೆ. ಮೂರು, ಎಷ್ಟು ದುಡಿದರೂ ಏನೂ ಮಾಡಲಿಲ್ಲ ಅನ್ನುವ ಭಾವನೆ. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ 1981ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಅಳೆಯುವುದು ಈ ಮೂರನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11 ಬರ್ನ್‌ಔಟನ್ನು ಕಾಯಿಲೆ ಎಂದು ಕರೆಯುವುದಿಲ್ಲ. ಸರಿಯಾಗಿ ನಿಭಾಯಿಸದೆ ಬಹುಕಾಲ ಉಳಿದ ಕೆಲಸದ ಒತ್ತಡದ ಫಲ ಎನ್ನುತ್ತದೆ. ಇದರಿಂದ ನಿಮಗೆ ಎರಡು ತೊಡಕು ಎದುರಾಗುತ್ತದೆ. ರಜೆಯ ಸರ್ಟಿಫಿಕೇಟಿನಲ್ಲಿ ‘ಬರ್ನ್‌ಔಟ್’ ಎಂದಷ್ಟೇ ಇದ್ದರೆ ಆಡಳಿತದವರು ಒಪ್ಪದಿರಬಹುದು. ಇನ್ನೊಂದು ಇದಕ್ಕಿಂತ ಗಂಭೀರ: ಬರ್ನ್‌ಔಟ್ ಎಂದುಕೊಂಡು ಸುಮ್ಮನಿದ್ದದ್ದರ ಅಡಿಯಲ್ಲಿ ಚಿಕಿತ್ಸೆ ಬೇಕಾದ ಖಿನ್ನತೆ ಕೂತಿರಬಹುದು.

ಎರಡನ್ನೂ ಬೇರ್ಪಡಿಸಲು ಒಂದು ಸರಳ ಪ್ರಶ್ನೆ ಕೇಳಿಕೊಳ್ಳಿ. ಡ್ಯೂಟಿ ಇಲ್ಲದ ದಿನ, ನಿಮಗೆ ಇಷ್ಟವಾದದ್ದು ಇಷ್ಟವಾಗಿಯೇ ಇದೆಯೇ? ಮಗಳ ಜೊತೆ ಆಡುವುದು, ಹಾಡು ಕೇಳುವುದು, ಭಾನುವಾರದ ಬಿಸಿ ಊಟ ಇವುಗಳಲ್ಲಿ ಸುಖ ಸಿಗುತ್ತಿದ್ದು, ಆಸ್ಪತ್ರೆಯ ಗೇಟ್ ಕಂಡ ಕೂಡಲೇ ಎದೆ ಭಾರವಾಗುತ್ತಿದ್ದರೆ ಬರ್ನ್‌ಔಟ್ ಸಾಧ್ಯತೆ ಹೆಚ್ಚು. ಎಲ್ಲಿದ್ದರೂ, ಯಾರ ಜೊತೆಗಿದ್ದರೂ ಎರಡು ವಾರದಿಂದ ಎಲ್ಲವೂ ಸಪ್ಪೆ ಅನ್ನಿಸುತ್ತಿದ್ದರೆ, ಹಸಿವು ನಿದ್ದೆ ಎರಡೂ ಕೆಟ್ಟಿದ್ದರೆ ಖಿನ್ನತೆಯ ಕಡೆ ನೋಡಬೇಕು. ಪಿಎಚ್‌ಕ್ಯೂ-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿ ನಿಮಗೆ ಗೊತ್ತೇ ಇರುತ್ತದೆ, ಪೇಷಂಟುಗಳಿಗೆ ತುಂಬಿಸಿಯೂ ಇರುತ್ತೀರಿ. ಈಗ ನಿಮಗೆ ನೀವೇ ತುಂಬಿಸಿ. 27ಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟನ್ನೋ ನೋಡಲೇಬೇಕು. 15 ದಾಟಿದರೆ ಥೆರಪಿ ಒಂದೇ ಸಾಕೇ, ಮಾತ್ರೆಯೂ ಬೇಕೇ ಎಂದು ಮನೋವೈದ್ಯರೇ ತೀರ್ಮಾನಿಸಲಿ. ಆರೋಗ್ಯ ಕ್ಷೇತ್ರದವರು ಈ ಪಟ್ಟಿ ತುಂಬುವಾಗ ಮಾಡುವ ತಪ್ಪೊಂದಿದೆ: ಯಾವ ಉತ್ತರಕ್ಕೆ ಎಷ್ಟು ಅಂಕ ಅನ್ನುವುದು ಗೊತ್ತಿರುವುದರಿಂದ ಕೈ ತಾನಾಗಿ ಕಡಿಮೆಯ ಕಡೆ ಹೋಗುತ್ತದೆ. ಹಾಗಾಗಿ ಅಂಕ ಕೂಡಿಸುವ ಕೆಲಸ ಕೊನೆಗಿರಲಿ. ಕಳೆದ ಎರಡು ವಾರದ ರೋಸ್ಟರನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ದಿನ ನೆನಪಿಸಿಕೊಂಡು ಉತ್ತರಿಸಿ.

ಒಂಬತ್ತನೇ ಪ್ರಶ್ನೆ, ಸಾಯುವ ಅಥವಾ ಸ್ವಂತಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅದರಲ್ಲಿ ಸೊನ್ನೆ ಅಲ್ಲದ ಯಾವ ಉತ್ತರ ಬಂದರೂ ಒಟ್ಟು ಅಂಕ ನೋಡಬೇಡಿ. ಅವತ್ತೇ ಯಾರಿಗಾದರೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಆಸ್ಪತ್ರೆಯವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾದ ಕಾರಣ ಸ್ಪಷ್ಟ: ಅಪಾಯದ ಔಷಧಿಗಳು ಕೈಗೆ ಸಿಗುತ್ತವೆ, ಎಷ್ಟಾದರೆ ಅಪಾಯ ಅನ್ನುವುದೂ ಗೊತ್ತಿರುತ್ತದೆ. ಯೋಚನೆ ಬರುತ್ತಿರುವಷ್ಟು ದಿನ ಔಷಧಿ ಬೀರುವಿನ ಕೀ ನಿಮ್ಮ ಹತ್ತಿರ ಇರದಂತೆ, ಆಪರೇಷನ್ ಥಿಯೇಟರಿನ ಪೋಸ್ಟಿಂಗ್ ತಾತ್ಕಾಲಿಕವಾಗಿ ಬದಲಾಗುವಂತೆ ನೋಡಿಕೊಳ್ಳುವುದು ಚಿಕಿತ್ಸೆಯ ಭಾಗವೇ. ನಂಬಿಕೆಯ ಒಬ್ಬ ಹಿರಿಯರಿಗೆ ಕಾರಣ ಪೂರ್ತಿ ಹೇಳದೆಯೂ ಇಷ್ಟನ್ನು ಕೇಳಬಹುದು.

ಇನ್ನು ರಕ್ತ ಪರೀಕ್ಷೆ. ಟಿಎಸ್‌ಎಚ್ (ಥೈರಾಯ್ಡ್‌ಗೆ), ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ಅಂಶಕ್ಕೆ), ಬಿ12, ಶುಗರ್. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಸುಸ್ತು, ಮರೆವು, ಸಿಡುಕು ಮೂರೂ ಅದರಿಂದಲೇ ಬರಬಹುದು. ಗೊರಕೆ ಇದ್ದು ಬೆಳಿಗ್ಗೆ ತಲೆನೋವು ಬರುತ್ತಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆಯೇ ಎಂದೂ ನೋಡಿಸಿ. ಇವುಗಳ ಫಲಿತಾಂಶ ಬರುವ ತನಕ ಥೆರಪಿಯನ್ನು ಮುಂದೂಡಬೇಕಿಲ್ಲ.

ಯಾರ ಹತ್ತಿರ ಹೋಗಬೇಕು

ಮನೋವೈದ್ಯರು ಎಂಬಿಬಿಎಸ್ ನಂತರ ಎಂಡಿ, ಡಿಪಿಎಂ ಅಥವಾ ಡಿಎನ್‌ಬಿ ಮಾಡಿದವರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆ ಇರುತ್ತದೆ. ಕೇಳಿದರೆ ಕೊಡುತ್ತಾರೆ, ಕೊಡಲು ಹಿಂಜರಿದರೆ ಬೇರೆಯವರನ್ನು ಹುಡುಕಿ. ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎಂಎ, ಎಂಎಸ್‌ಸಿ ಮಾಡಿದವರು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಅವರಲ್ಲಿ ಬಹಳ ಒಳ್ಳೆಯ ಥೆರಪಿಸ್ಟರಿದ್ದಾರೆ. ಅವರನ್ನು ಆರಿಸುವಾಗ ಎಲ್ಲಿ ಓದಿದಿರಿ, ಯಾವ ಬಗೆಯ ಥೆರಪಿಯಲ್ಲಿ ತರಬೇತಿ, ಈಗ ಯಾರ ಹತ್ತಿರ ಸೂಪರ್‌ವಿಷನ್ (ಕೇಸುಗಳ ಬಗ್ಗೆ ಹಿರಿಯ ಥೆರಪಿಸ್ಟರ ಮಾರ್ಗದರ್ಶನ) ಪಡೆಯುತ್ತಿದ್ದೀರಿ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಉಳಿದೆರಡಕ್ಕಿಂತ ಹೆಚ್ಚು ತಿಳಿಸುತ್ತದೆ.

ನೀವು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದ್ದರೂ ಅಲ್ಲಿಗೆ ಹೋಗಬೇಡಿ. ಫೈಲು, ಬಿಲ್ಲಿಂಗ್ ಕೌಂಟರ್, ಕಾಯುವ ಬೆಂಚು ಎಲ್ಲ ಕಡೆಯೂ ಗುರುತಿನವರೇ. ಬೆಂಗಳೂರು ದೊಡ್ಡ ಊರು, ಆದರೆ ಇಲ್ಲಿನ ಮಾನಸಿಕ ಆರೋಗ್ಯದ ವಲಯ ಚಿಕ್ಕದು. ಒಂದೇ ಕಾಲೇಜಿನಲ್ಲಿ ಓದಿದವರು, ಒಂದೇ ಸೂಪರ್‌ವೈಸರ್ ಹತ್ತಿರ ಕಲಿತವರು ಬಹಳ. ಥೆರಪಿಸ್ಟ್ ಆಗಿರುವ ನೀವು ಥೆರಪಿಸ್ಟನ್ನು ಹುಡುಕುತ್ತಿದ್ದರೆ ನಿಮ್ಮ ಶಿಕ್ಷಕರು, ನಿಮಗೆ ಕೇಸ್ ಕಳಿಸುವವರು, ನಿಮ್ಮ ವಾಟ್ಸಾಪ್ ಗುಂಪಿನವರು ಬೇಡ. ನಗರದಲ್ಲಿ ಎಲ್ಲರೂ ಪರಿಚಿತರೇ ಅನ್ನಿಸಿದರೆ ಮೈಸೂರು, ಮಂಗಳೂರು ಅಥವಾ ಬೇರೆ ರಾಜ್ಯದವರ ಹತ್ತಿರ ಆನ್‌ಲೈನಿನಲ್ಲಿ ನೋಡಿಸಿಕೊಳ್ಳಿ.

ನಿಮ್ಹಾನ್ಸ್ ಮುಖ್ಯ ಆವರಣದ ಓಪಿಡಿಯ ಜನಸಂದಣಿ ಬೇಡವೆನಿಸಿದರೆ ಬಿಟಿಎಂ ಲೇಔಟಿನಲ್ಲಿ ಅದರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ತೀವ್ರ ಕಾಯಿಲೆ ಇಲ್ಲದ, ಒತ್ತಡಕ್ಕೆ ಸಲಹೆ ಬೇಕಾದವರಿಗೆಂದೇ ಇರುವ ಕೇಂದ್ರ ಅದು. ಫೋನ್ ಮಾಡಿ ಸಮಯ ಕೇಳಿಕೊಂಡು ಹೋಗಿ. ಖಾಸಗಿಯಲ್ಲಿ ಒಂದು ಸೆಷನ್‌ಗೆ ಸಾಮಾನ್ಯವಾಗಿ 1,000 ರಿಂದ 3,000 ರೂಪಾಯಿ ತನಕ ಕೇಳುತ್ತಾರೆ, ಅನುಭವಿಗಳು ಇನ್ನೂ ಹೆಚ್ಚು. ಸ್ಟಾಫ್ ನರ್ಸ್ ಸಂಬಳದಲ್ಲಿ ವಾರಕ್ಕೊಂದು ಸೆಷನ್ ಕಷ್ಟವೆಂದು ಅವರಿಗೂ ಗೊತ್ತು. ‘ನನಗೆ ಇಷ್ಟು ಕೊಡೋಕಾಗುತ್ತೆ, ಸಾಧ್ಯವಾ?’ ಎಂದು ನೇರವಾಗಿ ಕೇಳಿ. ಕಡಿಮೆ ಫೀಸಿಗೆ ಕೆಲವು ಜಾಗ ಎತ್ತಿಟ್ಟಿರುವ ಥೆರಪಿಸ್ಟರು ಇದ್ದಾರೆ, ಕೇಳದಿದ್ದರೆ ತಿಳಿಯುವುದಿಲ್ಲ.

ವಿಮೆಯ ಬಗ್ಗೆ ಎರಡು ಮಾತು. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆದರೆ ಬಹುತೇಕ ಪಾಲಿಸಿಗಳಲ್ಲಿ ಆ ರಕ್ಷಣೆ ಆಸ್ಪತ್ರೆಗೆ ದಾಖಲಾದರೆ ಮಾತ್ರ. ವಾರದ ಥೆರಪಿ ಓಪಿಡಿ ಲೆಕ್ಕಕ್ಕೆ ಬರುತ್ತದೆ. ಓಪಿಡಿ ರಕ್ಷಣೆ ಇದ್ದರೂ ಕ್ಲೇಮು ನಿಮ್ಮ ಎಚ್‌ಆರ್ ಮೂಲಕ ಹೋಗುತ್ತದೆಯೇ, ನೇರ ವಿಮೆಯವರಿಗೆ ಹೋಗುತ್ತದೆಯೇ ಎಂದು ತಿಳಿದುಕೊಂಡೇ ಬಿಲ್ ಹಾಕಿ. ಸಂಸ್ಥೆಯವರೇ ಗೊತ್ತುಮಾಡಿದ ಉಚಿತ ಕೌನ್ಸೆಲಿಂಗ್ ಸೇವೆ ಇದ್ದರೆ ಮೊದಲ ಕರೆಯಲ್ಲೇ ಕೇಳಿ: ಆಸ್ಪತ್ರೆಗೆ ಏನು ವರದಿ ಹೋಗುತ್ತದೆ? ಎಷ್ಟು ಜನ ಬಂದರು ಅನ್ನುವ ಸಂಖ್ಯೆ ಮಾತ್ರ ಹೋಗುವುದಾದರೆ ಸರಿ. ಹೆಸರು ಹೋಗುವುದಾದರೆ ಬೇಡ.

ಕೌನ್ಸಿಲ್ ನೋಂದಣಿಯ ಭಯದಿಂದ ಹಿಂದೆ ಸರಿಯುವವರು ತುಂಬ ಜನ. ಥೆರಪಿಗೆ ಹೋದವರ ಪಟ್ಟಿ ಮೆಡಿಕಲ್ ಕೌನ್ಸಿಲ್‌ಗಾಗಲಿ ನರ್ಸಿಂಗ್ ಕೌನ್ಸಿಲ್‌ಗಾಗಲಿ ಕಳಿಸುವ ವ್ಯವಸ್ಥೆ ಇಲ್ಲ. ಅದೇ ಕಾಯ್ದೆಯ 23ನೇ ಸೆಕ್ಷನ್ ನಿಮ್ಮ ಮಾಹಿತಿ ಗೌಪ್ಯವಾಗಿರುವ ಹಕ್ಕನ್ನು ಕೊಟ್ಟಿದೆ. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ಕೋರ್ಟು ಆದೇಶಿಸಿದಾಗ, ಹೀಗೆ ಕೆಲವು ವಿನಾಯಿತಿಗಳಿವೆ. ಒಳ್ಳೆಯ ಥೆರಪಿಸ್ಟರು ಅವನ್ನು ಮೊದಲ ದಿನವೇ ಬಿಡಿಸಿ ಹೇಳುತ್ತಾರೆ.

ಮೊದಲ ಮೆಸೇಜು, ರೋಸ್ಟರಿನಲ್ಲಿ ಜಾಗ

ಮೊದಲ ಸಂಪರ್ಕದಲ್ಲಿ ಕಥೆಯೆಲ್ಲ ಬರೆಯಬೇಕಿಲ್ಲ. ಇಷ್ಟು ಸಾಕು: ‘ನಮಸ್ಕಾರ ಮೇಡಂ. ನಾನು ಸ್ಟಾಫ್ ನರ್ಸ್, ನೈಟ್ ಡ್ಯೂಟಿ ಇರುತ್ತದೆ. ಕೆಲಸದ ದಣಿವು, ನಿದ್ದೆಯ ತೊಂದರೆಗೆ ಥೆರಪಿ ಬೇಕು. ಕನ್ನಡದಲ್ಲಿ ಮಾತಾಡಬೇಕು. ವಾರಕ್ಕೊಂದು ಸಮಯ ಸಿಗುತ್ತದೆಯೇ, ಫೀಸ್ ಎಷ್ಟು, ಡ್ಯೂಟಿ ಬದಲಾದರೆ ಸಮಯ ಬದಲಿಸಬಹುದೇ?’ ಆಸ್ಪತ್ರೆಯ ಹೆಸರು ಬೇಡ. ಭಾಷೆಯ ವಿಷಯ ಮಾತ್ರ ಮರೆಯದೆ ಕೇಳಿ. ವಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಹ್ಯಾಂಡೋವರ್ ಕೊಡುವವರಿಗೂ ಅಳು ಬರುವುದು ಮನೆಮಾತಿನಲ್ಲೇ. ಕಲಬುರಗಿಯವರೋ ಕುಂದಾಪುರದವರೋ ತಮ್ಮ ಕನ್ನಡದಲ್ಲೇ ಮಾತಾಡಬೇಕು, ಬೆಂಗಳೂರಿನ ಕನ್ನಡಕ್ಕೆ ತಿರುಗಿಸಿಕೊಂಡು ಹೇಳಬೇಕಿಲ್ಲ.

ಥೆರಪಿ ನಿಂತುಹೋಗುವುದಕ್ಕೆ ನಾವು ಕಾಣುವ ದೊಡ್ಡ ಕಾರಣ ಮನಸ್ಸಿನದ್ದಲ್ಲ, ರೋಸ್ಟರಿನದ್ದು. ‘ಫ್ರೀ ಇದ್ದಾಗ ಬರ್ತೀನಿ’ ಅಂದವರು ಮೂರನೇ ಸೆಷನ್ ನೋಡುವುದು ಅಪರೂಪ. ಮುಂದಿನ ತಿಂಗಳ ರೋಸ್ಟರ್ ಹಾಕುವ ಮೊದಲೇ ಇನ್‌ಚಾರ್ಜ್ ಸಿಸ್ಟರಿಗೆ, ಪಿಜಿಗಳಾದರೆ ಚೀಫ್ ರೆಸಿಡೆಂಟ್‌ಗೆ, ಒಂದು ವಾರದ ದಿನ ಹೇಳಿಬಿಡಿ: ‘ಬುಧವಾರ ಮಧ್ಯಾಹ್ನ ಎರಡರ ನಂತರ ನನಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಇದೆ, ಎರಡು ತಿಂಗಳು.’ ಯಾವ ಡಾಕ್ಟರ್ ಅನ್ನುವುದು ಅವರಿಗೆ ಬೇಕಿಲ್ಲ. ಎಂಟರಿಂದ ಎರಡರ ಡ್ಯೂಟಿ ಇದ್ದವರು ಸಂಜೆ ನಾಲ್ಕಕ್ಕೆ ಇಟ್ಟುಕೊಳ್ಳಬಹುದು. ನೈಟ್ ಮುಗಿಸಿ ನೇರವಾಗಿ ಹೋಗಬೇಡಿ. ನಿದ್ದೆಗೆಟ್ಟ ತಲೆಯಲ್ಲಿ ಎಲ್ಲವೂ ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ, ಮಾತಾಡಿದ್ದು ಮಾರನೇ ದಿನ ನೆನಪೂ ಇರುವುದಿಲ್ಲ.

ಸೆಷನ್ 50 ನಿಮಿಷದ್ದಾದರೂ ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳ ದಾಟಿ ಹೋಗಬೇಕಾದರೆ ಅರ್ಧ ದಿನ ಹೋಗುತ್ತದೆ. ಮೊದಲ ಎರಡು ಸೆಷನ್ ಎದುರಾಬದುರು ಕೂತು, ಆಮೇಲೆ ಒಂದು ಬಿಟ್ಟು ಒಂದು ಆನ್‌ಲೈನ್ ಮಾಡಿಕೊಂಡರೆ ನಿಭಾಯಿಸಬಹುದು. ಆನ್‌ಲೈನ್ ಅಂದರೆ ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಬೇಕು. ಹಾಸ್ಟೆಲಿನ, ಪೇಯಿಂಗ್ ಗೆಸ್ಟ್ ಮನೆಯ ಶೇರಿಂಗ್ ರೂಮಿನಲ್ಲಿ ಅದು ಕಷ್ಟ. ನಿಲ್ಲಿಸಿದ ಕಾರು, ಜನವಿಲ್ಲದ ಹೊತ್ತಿನ ಟೆರೇಸು ಪರವಾಗಿಲ್ಲ. ಡ್ಯೂಟಿ ರೂಮು ಬೇಡವೇ ಬೇಡ. ಯಾರೋ ಬಾಗಿಲು ತಟ್ಟುತ್ತಾರೆ ಅನ್ನುವ ನಿರೀಕ್ಷೆಯಲ್ಲೇ ಕಿವಿ ಇರುತ್ತದೆ.

ಸೆಷನ್ ಒಳಗೆ

ಆಸ್ಪತ್ರೆಯವರು ಥೆರಪಿಯಲ್ಲಿ ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು, ತಮ್ಮದನ್ನೇ ಕೇಸಿನಂತೆ ಒಪ್ಪಿಸುವುದು: ‘ಮೂರು ತಿಂಗಳಿಂದ ಇನ್ಸಾಮ್ನಿಯಾ, ಎಪೆಟೈಟ್ ಕಡಿಮೆ, ಸುಯಿಸೈಡಲ್ ಐಡಿಯೇಷನ್ ಇಲ್ಲ.’ ಹೀಗೆ ಹೇಳಿದಾಗ ಒಳ್ಳೆಯ ಥೆರಪಿಸ್ಟ್ ತಡೆದು ಕೇಳುತ್ತಾರೆ: ‘ಡಾಕ್ಟ್ರೇ, ಅದು ಹಿಸ್ಟರಿ ಆಯ್ತು. ಆ ಮಗು ತೀರಿಕೊಂಡ ರಾತ್ರಿ ಮನೆಗೆ ಹೋಗಿ ಊಟ ಮಾಡಿದ್ರಾ?’ ಆ ಪ್ರಶ್ನೆಗೆ ಉತ್ತರಿಸುವಾಗ ಗಂಟಲು ಕಟ್ಟಿದರೆ ಕೆಲಸ ಶುರುವಾಗಿದೆ ಎಂದರ್ಥ. ಎರಡನೆಯದು, ಥೆರಪಿಸ್ಟನ್ನೇ ನೋಡಿಕೊಳ್ಳಲು ಹೋಗುವುದು. ‘ಇವತ್ತು ನಿಮಗೂ ಸುಸ್ತಾದ ಹಾಗಿದೆ ಮೇಡಂ, ಬೇಗ ಮುಗಿಸೋಣ.’ ನಿಮ್ಮ ಕೆಲಸದಲ್ಲಿ ನಿಮ್ಮನ್ನು ಒಳ್ಳೆಯವರನ್ನಾಗಿ ಮಾಡಿದ ಗುಣವೇ ಇಲ್ಲಿ ಅಡ್ಡ ಬರುತ್ತದೆ. ಹಾಗೆ ಅನ್ನಿಸಿದ ಕೂಡಲೇ ಅದನ್ನೇ ಬಾಯಿಬಿಟ್ಟು ಹೇಳಿ; ಅದರ ಬಗ್ಗೆ ಮಾತಾಡುವುದೂ ಥೆರಪಿಯೇ.

ಪೇಷಂಟುಗಳ ವಿಷಯ ಬಂದೇ ಬರುತ್ತದೆ. ಹೆಸರು, ಊರು, ದಾಖಲಾದ ದಿನ, ಗುರುತು ಹತ್ತುವ ಯಾವ ವಿವರವೂ ಬೇಡ. ‘ಮೂವತ್ತರ ಆಸುಪಾಸಿನ ಬಾಣಂತಿ’ ಅಂದರೆ ಸಾಕು.

ತಪ್ಪು ತಮ್ಮದೇ ಎಂಬ ಕೊರಗು ಕೊರೆಯುತ್ತಿರುವವರಿಗೆ ಸಿಬಿಟಿಯಲ್ಲಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಥೆರಪಿಯಲ್ಲಿ, ಒಂದು ಅಭ್ಯಾಸವಿದೆ, ಹೊಣೆ ಹಂಚುವುದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಅವಸರದಲ್ಲಿ ಮಾಡಿದರೆ ಉಲ್ಟಾ ಹೊಡೆಯುತ್ತದೆ. ಉದಾಹರಣೆಗೆ ಐಸಿಯುವಿನ ಒಬ್ಬ ಸಿಸ್ಟರ್. ರಾತ್ರಿ ಮೂರಕ್ಕೆ ಒಬ್ಬ ಪೇಷಂಟಿನ ಬಿಪಿ ಕುಸಿದಿದೆ, ಅವರು ನೋಡಿದ್ದು ಮೂರೂ ಹತ್ತಕ್ಕೆ, ಬೆಳಗಾಗುವಷ್ಟರಲ್ಲಿ ಪೇಷಂಟ್ ಹೋಗಿಬಿಟ್ಟಿದ್ದಾರೆ. ‘ನಾನು ಹತ್ತು ನಿಮಿಷ ಮುಂಚೆ ನೋಡಿದ್ದಿದ್ರೆ ಬದುಕ್ತಿದ್ರು’ ಅನ್ನುವುದು ತಿಂಗಳಿಂದ ತಲೆಯಲ್ಲಿ ತಿರುಗುತ್ತಿದೆ. ಮೊದಲು ಆ ವಾಕ್ಯವನ್ನು ಎಷ್ಟು ನಂಬುತ್ತೀರಿ ಎಂದು ನೂರಕ್ಕೆ ಅಂಕ ಕೊಡಿಸಬೇಕು. ತೊಂಬತ್ತು ಅನ್ನುತ್ತಾರೆ. ಆಮೇಲೆ ಒಂದು ಹಾಳೆಯಲ್ಲಿ ಆ ಸಾವಿಗೆ ಸೇರಿಕೊಂಡ ಎಲ್ಲ ಕಾರಣಗಳನ್ನೂ ಬರೆಸಬೇಕು. ತಮ್ಮ ಹೆಸರು ಪಟ್ಟಿಯ ಕೊನೆಗೇ ಬರಬೇಕು. ಮೊದಲು ಬರೆದರೆ ಅದೇ ಹಾಳೆ ತುಂಬುತ್ತದೆ. ನಂತರ ಒಂದೊಂದಕ್ಕೂ ಪಾಲು ಹಾಕಿಸಬೇಕು, ಒಟ್ಟು ನೂರು ಮೀರಬಾರದು. ನಂಜು ರಕ್ತಕ್ಕೆ ಏರಿದ್ದು 50, ತಡವಾಗಿ ದಾಖಲಾದದ್ದು 15, ಒಬ್ಬ ಸಿಸ್ಟರಿಗೆ ನಾಲ್ಕು ಬೆಡ್ ಕೊಟ್ಟದ್ದು 15, ಡ್ಯೂಟಿ ಡಾಕ್ಟರ್ ಅದೇ ಹೊತ್ತಿಗೆ ಕ್ಯಾಶುಯಲ್ಟಿಯಲ್ಲಿ ಸಿಕ್ಕಿಕೊಂಡದ್ದು 10, ಮಾನಿಟರಿನ ಅಲಾರಂ ಮಿತಿ ತಪ್ಪಾಗಿ ಇಟ್ಟಿದ್ದದ್ದು 5. ಉಳಿಯುವುದು 5, ಅದು ತಮ್ಮದು. ಈಗ ಮೊದಲಿನ ವಾಕ್ಯವನ್ನು ಮತ್ತೆ ಓದಿಸಿ ಅಂಕ ಕೇಳಬೇಕು. ನಲವತ್ತಕ್ಕೋ ಐವತ್ತಕ್ಕೋ ಇಳಿದರೆ ಒಂದು ಸೆಷನ್‌ಗೆ ಅದು ಸಾಕು.

ಇಲ್ಲಿ ಎಡವುವುದು ಎಲ್ಲಿ? ಆ ಐದನ್ನು ಸೊನ್ನೆ ಮಾಡಲು ಹೊರಟಾಗ. ‘ನಿಮ್ಮ ತಪ್ಪೇನೂ ಇಲ್ಲ ಬಿಡಿ’ ಎಂದು ಮನೆಯವರೂ ಹೇಳಿರುತ್ತಾರೆ, ಸಿಸ್ಟರ್ ಅದನ್ನು ನಂಬಿಲ್ಲ, ಅದಕ್ಕೇ ಬಂದಿದ್ದಾರೆ. ಆ ಐದು ಪಾಲನ್ನು ಒಪ್ಪಿಕೊಂಡು, ಅದರಿಂದ ಮಾಡಬಹುದಾದ ಒಂದು ಕೆಲಸ ಹುಡುಕಬೇಕು: ಪ್ರತಿ ಹ್ಯಾಂಡೋವರಿನಲ್ಲಿ ಅಲಾರಂ ಮಿತಿಗಳನ್ನು ಗಟ್ಟಿಯಾಗಿ ಓದಿ ಹೇಳುವುದು, ಹೀಗೆ ಏನಾದರೂ. ವೈದ್ಯಕೀಯ ತಪ್ಪಿನಲ್ಲಿ ಪೇಷಂಟಿನ ನಂತರ ನೋಯುವ ಎರಡನೇ ವ್ಯಕ್ತಿ ಸಿಬ್ಬಂದಿಯೇ ಎಂದು ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ದಲ್ಲೇ ಬರೆದಿದ್ದರು. ಅವರಿಗೆ ಬೇಕಾಗುವುದು ತೀರ್ಪಲ್ಲ, ಖುಲಾಸೆಯೂ ಅಲ್ಲ. ಆದದ್ದನ್ನು ಆದ ಅಳತೆಯಲ್ಲೇ ನೋಡಲು ಜೊತೆಗೊಬ್ಬರು.

ಎಲ್ಲ ಸಂಕಟಕ್ಕೂ ಈ ಅಭ್ಯಾಸ ಒಗ್ಗುವುದಿಲ್ಲ. ಬೆಡ್ ಇಲ್ಲ ಎಂದು ವಾಪಸ್ ಕಳಿಸಬೇಕಾಗಿ ಬಂದದ್ದು, ದುಡ್ಡು ಕಟ್ಟುವ ತನಕ ಶವ ಕೊಡದಿರಿ ಎಂಬ ಮಾತಿಗೆ ತಲೆಯಾಡಿಸಬೇಕಾದದ್ದು, ಇಂಥವು ಸರಿ ಯಾವುದೆಂದು ಗೊತ್ತಿದ್ದೂ ಮಾಡಲಾಗದೆ ಹೋದ ಗಾಯಗಳು. ಅಲ್ಲಿ ಯೋಚನೆ ತಪ್ಪಿಲ್ಲ, ಯೋಚನೆ ಸರಿಯಾಗಿಯೇ ಇದೆ. ‘ನಿಮ್ಮ ಯೋಚನೆಯ ದಿಕ್ಕು ಬದಲಿಸಿ’ ಎಂದು ಥೆರಪಿಸ್ಟ್ ಹೇಳಿದರೆ ನೋವು ಹೆಚ್ಚುತ್ತದೆ. ಆದ ಅನ್ಯಾಯವನ್ನು ಅನ್ಯಾಯ ಎಂದು ಒಪ್ಪುವುದು, ಅದಕ್ಕಾಗಿ ದುಃಖಿಸಲು ಬಿಡುವುದು, ನಿಮಗೆ ಯಾವ ಮೌಲ್ಯ ಮುಖ್ಯ, ಇರುವ ಕೆಲಸದೊಳಗೆ ಅದಕ್ಕೆ ಎಷ್ಟು ಜಾಗ ಮಾಡಬಹುದು ಎಂದು ಹುಡುಕುವುದು, ಇದು ಎಸಿಟಿಯ, ಅಂದರೆ ಅಕ್ಸೆಪ್ಟೆನ್ಸ್ ಆಂಡ್ ಕಮಿಟ್‌ಮೆಂಟ್ ಥೆರಪಿಯ ದಾರಿ. ಹಲ್ಲೆ, ರಕ್ತಸಿಕ್ತ ಅಪಘಾತ, ಸಾಲು ಸಾವು ಕಂಡು ಅವೇ ದೃಶ್ಯ ಕನಸಿನಲ್ಲಿ, ಎಚ್ಚರದಲ್ಲಿ ಮರುಕಳಿಸುತ್ತಿದ್ದು ಒಂದು ತಿಂಗಳು ದಾಟಿದರೆ ಟ್ರಾಮಾ ಚಿಕಿತ್ಸೆಯಲ್ಲಿ ತರಬೇತಿ ಇರುವವರೇ ಬೇಕು, ಸಾಮಾನ್ಯ ಕೌನ್ಸೆಲಿಂಗ್ ಸಾಲದು.

ಆರನೇ ಸೆಷನ್ನಿಗೆ ಒಮ್ಮೆ ಲೆಕ್ಕ ನೋಡಿ. ಪಿಎಚ್‌ಕ್ಯೂ-9 ಮತ್ತೆ ತುಂಬಿ, ಮೊದಲ ಹಾಳೆಯ ಪಕ್ಕ ಇಡಿ. ಏನೂ ಕದಲದಿದ್ದರೆ ಥೆರಪಿಸ್ಟಿಗೆ ಹೇಳಿ. ಗುರಿ ತಪ್ಪಿರಬಹುದು, ಮಾತ್ರೆ ಬೇಕಿರಬಹುದು, ಇಬ್ಬರಿಗೂ ಹೊಂದಿಕೆ ಆಗದಿರಬಹುದು. ಬೇಜಾರಾಗುತ್ತಾರೆಂದು ಸುಮ್ಮನೆ ಹೋಗುವುದನ್ನು ನಿಲ್ಲಿಸಬೇಡಿ; ಬೇರೆಯವರ ಹೆಸರು ಕೇಳಿ, ಕೊಡುತ್ತಾರೆ.

ಮಾತ್ರೆ, ನಿದ್ದೆ

ನಿಮಗೆ ನೀವೇ ಅಲ್ಪ್ರಜೋಲಮ್, ಕ್ಲೋನಾಜೆಪಮ್ ಥರದ ನಿದ್ದೆ, ಆತಂಕದ ಮಾತ್ರೆ ಬರೆದುಕೊಳ್ಳಬೇಡಿ, ಸ್ನೇಹಿತರಿಂದಲೂ ಬರೆಸಿಕೊಳ್ಳಬೇಡಿ. ಮೊದಲ ವಾರ ನಿದ್ದೆ ಬರುತ್ತದೆ. ಕೆಲವೇ ವಾರಗಳಲ್ಲಿ ಅದಿಲ್ಲದೆ ನಿದ್ದೆ ಬಾರದಂತಾಗಿ, ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಕಳವಳ. ವಾರ್ಡಿನ ಸ್ಟಾಕಿನಿಂದ ಒಂದು ಸಲ ತೆಗೆದುಕೊಂಡಿದ್ದರೂ ಅದನ್ನು ಥೆರಪಿಸ್ಟಿಗೆ ಹೇಳಿ, ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ. ಮನೋವೈದ್ಯರು ಖಿನ್ನತೆಗೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಪೇಷಂಟುಗಳಿಗೆ ದಿನವೂ ಹೇಳುವ ‘ಹುಷಾರಾಯ್ತು ಅಂತ ನಡುವೆ ನಿಲ್ಲಿಸಬೇಡಿ’ ನಿಮಗೂ ಅನ್ವಯಿಸುತ್ತದೆ.

ನೈಟ್ ಡ್ಯೂಟಿಯಲ್ಲಿ ಕೊನೆಯ ಕಾಫಿ ಮಲಗುವುದಕ್ಕೆ ಆರು ಗಂಟೆ ಮುಂಚೆ, ಅಂದರೆ ರಾತ್ರಿ ಎರಡು ಮೂರರೊಳಗೆ. ಕಣ್ಣು ಎಳೆಯುತ್ತಿದ್ದರೆ ಸ್ಕೂಟರ್ ಹತ್ತಬೇಡಿ. ಹೊರಡುವ ಮುಂಚೆ 20 ನಿಮಿಷ ಒರಗಿಕೊಳ್ಳಿ, ಇಲ್ಲವೇ ಬಸ್ಸೋ ಮೆಟ್ರೋವೋ ಹಿಡಿಯಿರಿ. ಕೋಣೆಗೆ ದಪ್ಪ ಪರದೆ, ಫೋನಿಗೆ ಸೈಲೆಂಟ್. ಮನೆಯವರಿಗೆ ನೀವು ಮಲಗುವ ಹೊತ್ತು ಇಂತಿಂಥದ್ದು ಎಂದು ಬರೆದು ಬಾಗಿಲಿಗೆ ಅಂಟಿಸಿ. ‘ಹಗಲಲ್ಲಿ ಮನೇಲೇ ಇರ್ತಾಳಲ್ಲ’ ಎಂದು ಬ್ಯಾಂಕಿನ ಕೆಲಸ, ಸಿಲಿಂಡರ್ ತೆಗೆದುಕೊಳ್ಳುವ ಕೆಲಸ ನಿಮ್ಮ ತಲೆಗೆ ಬೀಳುವುದು ಅಲ್ಲಿಂದಲೇ ತಪ್ಪಬೇಕು. ಕೊನೆಯ ನೈಟ್ ಮುಗಿದ ಬೆಳಿಗ್ಗೆ ಎರಡು ಮೂರು ಗಂಟೆ ಮಾತ್ರ ಮಲಗಿ ಎದ್ದರೆ ಅವತ್ತು ರಾತ್ರಿಯೇ ನಿದ್ದೆ ಹಳಿಗೆ ಬರುತ್ತದೆ.

ಥೆರಪಿಸ್ಟರಿಗೆ

ಕ್ಯಾಲೆಂಡರಿನಲ್ಲಿ ಒಬ್ಬ ಕ್ಲೈಂಟ್ ಹೆಸರು ಕಂಡು ಹೊಟ್ಟೆ ಹಿಂಡುತ್ತದೆಯೇ? ‘ಇವತ್ತು ಬರೋಕಾಗಲ್ಲ’ ಅನ್ನುವ ಮೆಸೇಜ್ ಬಂದಾಗ ಖುಷಿಯಾಗುತ್ತದೆಯೇ? ಕಳೆದ ವಾರ ಅವರು ಹೇಳಿದ ಮುಖ್ಯ ವಿಷಯ ಮರೆತಿರುತ್ತದೆಯೇ, ಕೇಳಿಸಿಕೊಳ್ಳುವುದಕ್ಕಿಂತ ಸಲಹೆ ಕೊಟ್ಟು ಮುಗಿಸುವ ಆತುರವೇ? ಒಂದೆರಡು ಸಲ ಎಲ್ಲರಿಗೂ ಆಗುತ್ತದೆ. ತಿಂಗಳಿಂದ ಆಗುತ್ತಿದ್ದರೆ ಕ್ಲೈಂಟುಗಳಿಗೆ ನಷ್ಟವಾಗುತ್ತಿದೆ. ಉಚಿತವಾಗಿ ಸಿಗುವ ಪ್ರೊಕ್ವಾಲ್ ಪ್ರಶ್ನಾವಳಿ ತುಂಬಿ. 30 ಪ್ರಶ್ನೆಗಳಲ್ಲಿ ಕೆಲಸದ ತೃಪ್ತಿ, ಬರ್ನ್‌ಔಟ್, ಬೇರೆಯವರ ಆಘಾತದಿಂದ ನಿಮಗೆ ತಗುಲಿದ ಒತ್ತಡ, ಮೂರನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಮೂರನೆಯದು ಮಾತ್ರ ಏರಿದ್ದರೆ ಕೇಸುಗಳ ಸಂಖ್ಯೆಗಿಂತ ಕೇಸುಗಳ ಬಗೆ ಬದಲಾಗಬೇಕು.

ದಿನಕ್ಕೆ ಐದು ಸೆಷನ್ ಮೀರಬೇಡಿ ಅನ್ನುವುದು ನಮ್ಮ ಸಲಹೆ. ಟ್ರಾಮಾ ಕೇಸುಗಳು ಎರಡು ಬೆನ್ನುಬೆನ್ನಿಗೆ ಬೇಡ. ಎರಡು ಸೆಷನ್ ನಡುವಿನ ಹತ್ತು ನಿಮಿಷದಲ್ಲಿ ಐದು ನಿಮಿಷ ನೋಟ್ಸ್, ಮೂರು ನಿಮಿಷ ಎದ್ದು ನಡೆದಾಡುವುದು, ಎರಡು ನಿಮಿಷ ಮುಂದಿನವರ ಕಳೆದ ವಾರದ ನೋಟ್ಸ್ ಓದುವುದು. ಆ ಹತ್ತು ನಿಮಿಷ ವಾಟ್ಸಾಪಿಗೆ ಹೋದರೆ ಹಿಂದಿನವರ ಸಂಕಟವನ್ನು ಹೊತ್ತೇ ಮುಂದಿನವರೆದುರು ಕೂರುತ್ತೀರಿ. ಸೂಪರ್‌ವಿಷನ್ ಕ್ಲೈಂಟಿನ ಕೆಲಸಕ್ಕೆ, ಥೆರಪಿ ನಿಮಗೆ. ಒಬ್ಬರೇ ಎರಡನ್ನೂ ಮಾಡುವಂತಿಲ್ಲ. ಸೂಪರ್‌ವೈಸರ್ ನಿಮ್ಮ ಕೆಲಸವನ್ನು ಅಳೆಯುವವರು, ಅವರೆದುರು ಒಡೆದು ಅಳುವುದು ಯಾರಿಗೂ ಸುಲಭವಲ್ಲ. ಬಿಡುವು ತೆಗೆದುಕೊಳ್ಳಲೇಬೇಕಾದರೆ ಕ್ಲೈಂಟುಗಳಿಗೆ ಎರಡರಿಂದ ನಾಲ್ಕು ವಾರ ಮೊದಲು ತಿಳಿಸಿ, ಯಾವ ದಿನ ವಾಪಸ್ ಎಂದು ಹೇಳಿ, ಆತ್ಮಹತ್ಯೆಯ ಅಪಾಯ ಇರುವವರನ್ನು ಇನ್ನೊಬ್ಬ ಥೆರಪಿಸ್ಟಿಗೆ ನೀವೇ ಮಾತಾಡಿ ಒಪ್ಪಿಸಿ. ಕಾರಣ ಕೇಳಿದರೆ ‘ಆರೋಗ್ಯದ ಕಾರಣ’ ಸಾಕು.

ಆಸ್ಪತ್ರೆಯ ಪಾಲು

ವೈದ್ಯರ ಬರ್ನ್‌ಔಟ್ ಇಳಿಸುವ ಪ್ರಯತ್ನಗಳ ಬಗ್ಗೆ 2017ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ, ವ್ಯಕ್ತಿಗೆ ತರಬೇತಿ ಕೊಡುವುದಕ್ಕಿಂತ ಸಂಸ್ಥೆಯ ಕೆಲಸದ ರೀತಿ ಬದಲಿಸಿದಾಗಲೇ ಹೆಚ್ಚು ಗುಣ ಎಂದು ಕಂಡುಕೊಂಡಿತು. ಒಬ್ಬ ಸಿಸ್ಟರಿಗೆ ನಾಲ್ಕು ಐಸಿಯು ಬೆಡ್ ಹಾಗೇ ಇಟ್ಟು ಯೋಗ ತರಗತಿ ಏರ್ಪಡಿಸಿದರೆ ಸಿಬ್ಬಂದಿಗೆ ಅವಮಾನವಾದಂತೆ ಅನ್ನಿಸುತ್ತದೆ. ಹಾಗಾಗಿ ಥೆರಪಿಯ ಜೊತೆಜೊತೆಗೇ ಒಂದು ಬೇಡಿಕೆ ಇಡಿ, ಒಂದೇ. ಸತತ ನೈಟ್‌ಗಳ ಸಂಖ್ಯೆ ಇಳಿಸುವುದೋ, ಊಟಕ್ಕೆ ಬಿಡಿಸಲು ಒಬ್ಬರನ್ನು ಕೊಡುವುದೋ. ಬರೆದು ಕೊಡಿ, ದಿನಾಂಕ ಹಾಕಿ, ಸಾಧ್ಯವಾದರೆ ಮೂವರು ನಾಲ್ವರು ಸೇರಿ ಸಹಿ ಮಾಡಿ. ಒಬ್ಬರೇ ಹೋದರೆ ‘ಅವರ ವೈಯಕ್ತಿಕ ಸಮಸ್ಯೆ’ ಆಗಿಬಿಡುತ್ತದೆ.

ಆಡಳಿತದಲ್ಲಿರುವವರಿಗೆ: ವಾರ್ಡಿನಲ್ಲಿ ದೊಡ್ಡ ಅವಘಡವಾದ ಮೇಲೆ ಎಲ್ಲರನ್ನೂ ಕೂರಿಸಿ ‘ಏನು ಕಂಡಿರಿ, ಏನು ಅನಿಸಿತು’ ಎಂದು ಕಡ್ಡಾಯವಾಗಿ ಹೇಳಿಸಬೇಡಿ. ಅಂಥ ಒಂದೇ ಸಲದ ಕಡ್ಡಾಯ ಸಭೆ ಮುಂದಿನ ಆಘಾತವನ್ನು ತಡೆಯುವುದಿಲ್ಲ, ಕೆಲವರಿಗೆ ಹಾನಿಯೇ ಆಗಬಹುದು. ಅವತ್ತು ನೀರು, ಊಟ, ಮನೆಗೆ ಹೋಗಲು ಗಾಡಿ. ಮಾರನೇ ದಿನ ಒಂದು ಫೋನು. ವಾರ ಕಾಲ ಹಗುರ ಡ್ಯೂಟಿ. ತಿಂಗಳ ನಂತರವೂ ನಿದ್ದೆ ಬಾರದವರಿಗೆ ಥೆರಪಿಸ್ಟ್. ಹಲ್ಲೆಯಾಗಿದ್ದರೆ ಪೊಲೀಸ್ ದೂರು ಆಸ್ಪತ್ರೆಯ ಹೆಸರಲ್ಲಿ ಹೋಗಲಿ, ಹೊಡೆತ ತಿಂದವರನ್ನೇ ಠಾಣೆಗೆ ಒಬ್ಬರೇ ಕಳಿಸಬೇಡಿ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲೆಂದೇ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ.

ಹೆಚ್ಚು ಖರ್ಚಿಲ್ಲದೆ ನಡೆಸಬಹುದಾದದ್ದು ಬಾಲಿಂಟ್ ಗುಂಪು, 1950ರ ದಶಕದಲ್ಲಿ ಮನೋವಿಶ್ಲೇಷಕ ಮೈಕೇಲ್ ಬಾಲಿಂಟ್ ಲಂಡನ್ನಿನಲ್ಲಿ ಸಾಮಾನ್ಯ ವೈದ್ಯರ ಜೊತೆ ಬೆಳೆಸಿದ್ದು. ಎಂಟು ಹತ್ತು ಜನ, 90 ನಿಮಿಷ, ಹದಿನೈದು ದಿನಕ್ಕೊಮ್ಮೆ, ನಡೆಸಲು ತರಬೇತಿ ಪಡೆದ ಒಬ್ಬರು. ಒಬ್ಬರು ಮನಸ್ಸಿನಲ್ಲಿ ಕೂತುಬಿಟ್ಟ ಒಬ್ಬ ಪೇಷಂಟಿನ ಬಗ್ಗೆ ಫೈಲು ನೋಡದೆ ಹೇಳುತ್ತಾರೆ. ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ; ಉಳಿದವರು ಆ ಡಾಕ್ಟರಿಗೆ ಏನನಿಸಿರಬಹುದು, ಆ ಪೇಷಂಟಿಗೆ ಏನನಿಸಿರಬಹುದು ಎಂದು ಮಾತಾಡುತ್ತಾರೆ. ಯಾವ ಇಂಜೆಕ್ಷನ್ ಕೊಡಬೇಕಿತ್ತು ಅನ್ನುವ ಚರ್ಚೆ ಶುರುವಾದರೆ ನಡೆಸುವವರು ನಿಲ್ಲಿಸಬೇಕು. ವಿಭಾಗದ ಮುಖ್ಯಸ್ಥರು ಗುಂಪಿನಲ್ಲಿ ಇರಬಾರದು, ಇದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಥೆರಪಿ ಮುಗಿಸುವಾಗ ಒಮ್ಮೆಗೇ ನಿಲ್ಲಿಸಬೇಡಿ. ವಾರಕ್ಕೊಂದು ಇದ್ದದ್ದು ಹದಿನೈದು ದಿನಕ್ಕೊಂದಾಗಿ, ಆಮೇಲೆ ತಿಂಗಳಿಗೊಂದಾಗಲಿ. ಕೊನೆಯ ಸೆಷನ್‌ನಲ್ಲಿ ಮತ್ತೆ ಜಾರುತ್ತಿರುವುದರ ನಿಮ್ಮದೇ ಮೂರು ಗುರುತುಗಳನ್ನು ಬರೆದುಕೊಳ್ಳಿ: ಊಟ ಬಿಡುವುದು, ತಾಯಿಯ ಫೋನ್ ಎತ್ತದಿರುವುದು, ಪೇಷಂಟಿನ ಹೆಸರು ಕೇಳದಿರುವುದು, ಹೀಗೆ. ಆ ಚೀಟಿಯ ಒಂದು ಪ್ರತಿ ಮನೆಯವರೊಬ್ಬರ ಕೈಯಲ್ಲಿರಲಿ. ಮೂರರಲ್ಲಿ ಎರಡು ಕಂಡರೆ ಥೆರಪಿಸ್ಟಿಗೆ ಫೋನ್ ಮಾಡುವ ಕೆಲಸ ಅವರದು. ಮೂರು ತಿಂಗಳ ನಂತರದ ಒಂದು ಸೆಷನ್ನಿಗೆ ಅವತ್ತೇ ದಿನ ಗೊತ್ತುಮಾಡಿ, ಆ ತಿಂಗಳ ರೋಸ್ಟರ್ ಹಾಕುವ ಮುಂಚೆ ಇನ್‌ಚಾರ್ಜ್‌ಗೆ ತಿಳಿಸಿಬಿಡಿ.